ಹರಾಜಿನ ಮನೆ ನೋಡುವ ಮಾವ

ನಮ್ಮ ಮಾವನಷ್ಟು ಮನೆಗಳನ್ನು ನೋಡಿದವರು ಇಡೀ ಕೇರಳದಲ್ಲಿ ಇರಲಿಕ್ಕಿಲ್ಲ. ಒಂದನ್ನೂ ಕೊಳ್ಳದೆ ನೋಡಿದವರಂತೂ ಖಂಡಿತ ಇಲ್ಲ! ಅಮ್ಮನ ತಮ್ಮ, ಪುತ್ತೂರಿನ ಕಡೆಯವರು. ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ನೌಕರಿ, ತಂಪಾನೂರಿನ ಲಾಡ್ಜಿನಲ್ಲಿ ವಾಸ, ಮದುವೆಯ ಮಾತೆತ್ತಿದರೆ ಕೆಮ್ಮು. ಆಗಷ್ಟೇ ಬ್ಯಾಂಕುಗಳು ಸಾಲದಲ್ಲಿ ಮುಳುಗಿದ ಮನೆಗಳನ್ನು ತಾವೇ ಹರಾಜಿಗೆ ಹಾಕತೊಡಗಿದ್ದವು. "ಅರ್ಧ ಕ್ರಯಕ್ಕೆ ತೆಗೊಳ್ಳುವುದು, ಇಮ್ಮಡಿಗೆ ಮಾರುವುದು. ಇಷ್ಟು ಸುಲಭದ ವ್ಯಾಪಾರ ಬೇರೆ ಉಂಟೋ?" ಎನ್ನುತ್ತಾ ಮಾವ ಪೇಪರಿನ ಹರಾಜು ನೋಟೀಸುಗಳನ್ನು ಜಾತಕದ ಹಾಗೆ ಓದತೊಡಗಿದರು.

ಮೊದಲ ಮನೆ ತಿರುವನಂತಪುರದ್ದೇ ಚಾಲೈ ಪೇಟೆಯ ಹಿಂದೆ. ನೋಡಲು ಹೋದವರು ಮನೆಯವನ ಎದುರು ಕೂತು, ಬಡ್ಡಿ ಬಿಡಿಸಿ ಒಂದೇ ಗಂಟಿನಲ್ಲಿ ಸಾಲ ತೀರಿಸುವ ಅರ್ಜಿಯನ್ನು ತಾವೇ ಬರೆದುಕೊಟ್ಟು ಬಂದರು. ಹರಾಜು ರದ್ದಾಯಿತು.

"ಪೈಪೋಟಿಯವನೊಬ್ಬ ಸೋತ" ಎಂದರು.

"ಯಾರು ಮಾವ?"

"ನಾನೇ ಮಾರಾಯ!"

ಇಂಥ ಹೂಡಿಕೆದಾರರ ಜೊತೆ ಒಂದು ಭಾನುವಾರ ನಾನೂ ಕೊಚ್ಚಿಯ ವೈಟ್ಟಿಲದ ಮನೆಯೊಂದಕ್ಕೆ ಹೋದೆ. ಅಲ್ಲಿಯ ಐಟಿ ಪಾರ್ಕಿನಲ್ಲಿ ನನಗಾಗ ಹೊಸ ಕೆಲಸ. ಗೇಟಿನಲ್ಲಿ ನಿಂತು ಮಾವ ತಮ್ಮ ಹರಕುಮುರುಕು ಮಲಯಾಳದಲ್ಲಿ "ನೋಡಲಿಕ್ಕೆ ಬಂದದ್ದು" ಎಂದರು. ಮನೆಯೊಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಗುತ್ತಾ ಒಳಗೆ ಕರೆದರು. ಚಾ ಬಂತು, ಬಾಳೆಹಣ್ಣು ಕರಿದ ಬಿಸಿ ಪಳಂಪೊರಿ ಬಂತು.

"ಮಗಳು ಹಾಸ್ಟೆಲಿನಲ್ಲಿದ್ದಾಳೆ. ಮೊದಲೇ ಹೇಳಿದ್ದರೆ ಕರೆಸುತ್ತಿದ್ದೆ. ಹುಡುಗನಿಗೆ ಸಂಬಳ ಎಷ್ಟು?"

ಕಚ್ಚಿದ ಪಳಂಪೊರಿಯನ್ನು ನಾನು ತಟ್ಟೆಗೇ ಮರಳಿಸಿದೆ! ಮಾವ ತಲೆ ತಗ್ಗಿಸಿ, "ಕ್ಷಮಿಸಿ ಚೇಚ್ಚಿ, ನಾವು ಮನೆ ನೋಡಲು ಬಂದವರು" ಎಂದರು.

ಆಕೆ ಚಾ ಲೋಟಗಳನ್ನು ಬದಿಗಿಟ್ಟರು. ಆಮೇಲೆ "ಬನ್ನಿ" ಎಂದು ಒಂದೊಂದೇ ಕೋಣೆ ತೋರಿಸಿದರು. ಮಳೆಗಾಲದಲ್ಲಿ ಯಾವ ಕಿಟಕಿ ಬಿಗಿಯುತ್ತದೆ, ಬಾವಿಯ ನೀರು ಯಾವಾಗ ಉಪ್ಪಾಗುತ್ತದೆ, ಏನೂ ಮುಚ್ಚಿಡಲಿಲ್ಲ. ಹೊರಡುವಾಗ, "ನಿಮ್ಮಂಥವರು ತೆಗೆದುಕೊಂಡರೆ ನನಗೆ ಸಮಾಧಾನ" ಎಂದರು. ಬಸ್ಸಿನಲ್ಲಿ ಮಾವ ಹರಾಜು ನೋಟೀಸನ್ನು ಮಡಚಿ ಜೇಬಿಗಿಟ್ಟರು.

ಹರಾಜಿನ ದಿನ ಮಾವ ಮೊದಲ ಬಾರಿಗೆ ಕೂಗಿದರು. ತಮ್ಮ ಪಿ.ಎಫ್. ಹಣದಷ್ಟನ್ನೂ ಕೂಗಿದರು. ಚಿನ್ನದ ವ್ಯಾಪಾರಿಯೊಬ್ಬ ಅದಕ್ಕೂ ಮೇಲೆ ಹೋದ.

"ಸಿಕ್ಕಿದ್ದರೆ ಇಮ್ಮಡಿಗೆ ಮಾರುತ್ತಿದ್ದಿರಾ?" ಎಂದು ಕಿಚಾಯಿಸಿದೆ.

"ಮಾರುವುದೆಂಥದು? ಅವರು ಅಲ್ಲೇ ಇರುತ್ತಿದ್ದರು."

ಕೆಲವು ವಾರಗಳ ಮೇಲೆ ಮಾವ ಹೇಳದೆ ಕೇಳದೆ ಕೊಚ್ಚಿಗೆ ಬಂದರು. ಹೊಸ ಬಿಳಿ ಶರ್ಟು, ಕೂದಲಿಗೆ ಕಡುಕಪ್ಪು ಬಣ್ಣ! ನಗು ತಡೆದುಕೊಂಡು ಅವರ ಜೊತೆ ವೈಟ್ಟಿಲಕ್ಕೆ ಹೋದೆ. ಗೇಟಿಗೆ ಬೀಗ. ಆಕೆ ಹೋಗಿ ಹತ್ತು ದಿನವಾಯಿತು, ಎಲ್ಲಿಗೆಂದು ಗೊತ್ತಿಲ್ಲ ಎಂದರು ಪಕ್ಕದ ಮನೆಯವರು.

ಮಾವ ಗೇಟು ಹಿಡಿದು ನಿಂತೇ ಇದ್ದರು.

"ನೋಟೀಸಿನಲ್ಲಿ ತೀರಿಹೋದ ಗಂಡನ ಹೆಸರು ಮಾತ್ರ ಇದ್ದದ್ದು" ಎಂದರು ಕೊನೆಗೆ. "ಅವರ ಹೆಸರೆಂತ ಅಂತ ನಾನು ಕೇಳಲೇ ಇಲ್ಲ, ಮಾರಾಯ."