ನಮ್ಮ ಮನೆಯ ಫೋನಿಗೊಂದು ಕಾಯಿದೆ

ಯಾವ ವಸ್ತುವೇ ಆಗಲಿ, ಮನೆಗೆ ಬಂದ ದಿನವೇ ಅದಕ್ಕೊಂದು ಕಾಯಿದೆ ಮಾಡಿಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನು ವಕೀಲ. ಕಾಯಿದೆ ಮಾಡುವವರ ಮೇಲೆ ನನಗೆ ಅಂಥ ಭರವಸೆಯೇನಿಲ್ಲ, ಆದರೆ ನಾನೇ ಮಾಡಿದ್ದಾದರೆ ಚಿಂತೆಯಿಲ್ಲ. ಸೊಳ್ಳೆಪರದೆಗೂ ಒಂದು ಕಾಯಿದೆ ಮಾಡಿದ್ದೆ. ಅದನ್ನು ಮನೆಯವರೆಲ್ಲ ಪಾಲಿಸಿದರು, ಸೊಳ್ಳೆಗಳು ಪಾಲಿಸಲಿಲ್ಲ. ಅದು ಸೊಳ್ಳೆಗಳ ತಪ್ಪು.

ಆಗ ರಾಯಚೂರಿನ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ನಮ್ಮ ಮನೆಯಲ್ಲಿ. ಓಣಿಯವರು ಅದರ ನಂಬರನ್ನು ಪ್ರಸಾದದ ಹಾಗೆ ಬಂಧುಬಳಗಕ್ಕೆಲ್ಲ ಹಂಚಿಬಿಟ್ಟರು. ಪೋತ್ನಾಳದಿಂದ ಒಬ್ಬರು ಭತ್ತದ ಧಾರಣೆ ಕೇಳುವರು, ದೇವದುರ್ಗದಿಂದ ಇನ್ನೊಬ್ಬರು ಸುಮ್ಮನೆ ಆರಾಮ ಇದ್ದೀರೇನು ಎಂದು ಕೇಳುವರು. ಉಂಡು ಅಡ್ಡಾಗುವ ಹೊತ್ತಿಗೇ ಗಂಟೆ ಬಾರಿಸುವುದು. ಆ ಉರಿಬಿಸಿಲಲ್ಲಿ ನಾನು ಬನಿಯನ್ನಿನಲ್ಲೇ ಓಣಿಗಿಳಿದು, ಎದುರುಮನೆಯ ಕುರಿ ಸಾಕುವ ನಿಂಗವ್ವನನ್ನು ಕೂಗಬೇಕು. ಕೋರ್ಟಿನಲ್ಲಿ ಏರದ ನನ್ನ ದನಿ ಓಣಿಯಲ್ಲಿ ಚೆನ್ನಾಗಿ ಏರುತ್ತಿತ್ತು.

ಇಷ್ಟನ್ನೂ ಸಹಿಸಿಕೊಂಡೇನು. ಆದರೆ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರು ಮಾನ್ವಿಗೆ ಹೋಗಿದ್ದಳು. ದಿನ ತುಂಬಿದ್ದವು. ಮಾವನವರು ಯಾವ ಗಳಿಗೆಯಲ್ಲಾದರೂ ಟ್ರಂಕ್ ಕಾಲ್ ಮಾಡಬಹುದು, ಅದೇ ಗಳಿಗೆಗೆ ಯಾರೋ ಭತ್ತದ ಧಾರಣೆ ಕೇಳುತ್ತ ಕೂತಿದ್ದರೆ? ಕೂಡಲೇ ಕಾಯಿದೆ ಮಾಡಿದೆ.

ಫೋನ್ ಎತ್ತಿದವರು ಮೊದಲು ಇದು ಯಾರ ಮನೆ ಎಂದು ಹೇಳಬೇಕು. ಪಡಸಾಲೆಯಲ್ಲಿ ಮೂವರಿಗಿಂತ ಹೆಚ್ಚು ಜನ ಕಾಯಬಾರದು. ಕೂಗಿದ ಮೇಲೂ ಓಣಿಯವರು ತಟ್ಟನೆ ಬರದಿದ್ದರೆ ಫೋನ್ ಇಟ್ಟುಬಿಡುವುದು. ಇನ್ನು ಮಧ್ಯಾಹ್ನದ ಹೊತ್ತು ಯಾರನ್ನು ಕೇಳಿದರೂ ಒಂದೇ ಉತ್ತರ: ‘ಅವರು ಊರಾಗಿಲ್ಲ.’ ಜಗಳವಿಲ್ಲ, ಚರ್ಚೆಯಿಲ್ಲ, ಓಣಿಗಿಳಿಯುವ ಕೆಲಸವಿಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಎಲ್ಲ ಕೇಳಿಸಿಕೊಂಡ ನಮ್ಮವ್ವ, ಮಾನ್ವಿಯಿಂದ ಫೋನ್ ಬಂದರೇನು ಗತಿ ಎಂದಳು.

“ಅದಕ್ಕಂತನ ಫೋನ್ ನನ್ನ ಮಂಚದ ಬಾಜೂಕ ಇಟ್ಕೊಂಡೀನಿ. ನಾನ ಎತ್ತತೀನಲ್ಲ ಯವ್ವಾ” ಎಂದೆ.

ವಾರದೊಳಗೆ ಕಾಯಿದೆ ನನ್ನ ನಾಲಿಗೆಗೆ ಹತ್ತಿಬಿಟ್ಟಿತು. ಕಣ್ಣು ತೆರೆಯದೆಯೇ ಕೈ ಚಾಚುವುದು, ‘ಊರಾಗಿಲ್ಲ’ ಎನ್ನುವುದು, ಮಗ್ಗಲು ಬದಲಿಸುವುದು. ನಿಂಗವ್ವ ಊರಾಗಿಲ್ಲ, ಪಕ್ಕದ ಮನೆಯ ಮಾಸ್ತರರು ಊರಾಗಿಲ್ಲ, ಮಧ್ಯಾಹ್ನವಾದರೆ ನಮ್ಮ ಓಣಿಗೆ ಓಣಿಯೇ ಊರಾಗಿಲ್ಲ. ಅಂಥ ಸುಖನಿದ್ದೆಯನ್ನು ನಾನು ಆಮೇಲೆ ಕಾಣಲಿಲ್ಲ.

ಒಂದು ಸಂಜೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ನಿಂಗವ್ವ ಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಮಾನ್ವಿಯಿಂದ ಬಸ್ಸಿನಲ್ಲಿ ಬಂದ ಅವಳ ತಮ್ಮನ ಕೈಯಲ್ಲಿ ನಮ್ಮ ಮಾವನವರು ಸುದ್ದಿ ಹೇಳಿಕಳಿಸಿದ್ದರಂತೆ.

“ನಿಮಗ ಮಗಳು ಹುಟ್ಯಾಳ್ರಿ, ತಾಯಿ ಮಗಳು ಆರಾಮ ಅದಾರ. ಮಧ್ಯಾಹ್ನ ನಿಮ್ಮ ಮಾವ ಫೋನ್ ಹಚ್ಚಿದ್ರಂತ, ವಕೀಲ್ರು ಊರಾಗಿಲ್ಲ ಅಂತ ಯಾರೋ ಇಟ್ಟುಬಿಟ್ರಂತ. ನೀವು ಯಾವಾಗ ಬಂದ್ರಿ?”

ಆ ಕಾಲದಲ್ಲಿ ಟ್ರಂಕ್ ಕಾಲ್ ಕೂಡಿಸಿಕೊಡುತ್ತಿದ್ದವನು ಆಪರೇಟರ್, ಯಾರಿಗೆ ಕಾಲ್ ಬಂದಿದೆಯೋ ಅವರು ಇಲ್ಲವೆಂದರೆ ಅಲ್ಲಿಗೇ ಮುಗಿಸಿಬಿಡುತ್ತಿದ್ದ. ಅವನು ನನ್ನ ಹೆಸರು ಹೇಳಿ ಕೇಳಿರಬೇಕು, ನಾನು ಕಾಯಿದೆ ಪ್ರಕಾರ ಉತ್ತರ ಕೊಟ್ಟಿರಬೇಕು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು, ನಾಚಿಕೆಗೆ ಕಿವಿ ಬಿಸಿಯಾಯಿತು. ಅವ್ವನನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿದೆ.

ಮಾನ್ವಿಯಲ್ಲಿ ಮಾವನವರು ಬರ್ರಿ ಎಂದರು, ಆದರೆ ನಗಲಿಲ್ಲ. ಹೆಂಡತಿ ಬಾಣಂತಿ ಕೋಣೆಯಲ್ಲಿ ಮಲಗಿದ್ದಳು, ಪಕ್ಕದಲ್ಲಿ ಕೆಂಪಗೆ ಮುಷ್ಟಿ ಬಿಗಿದುಕೊಂಡು ನನ್ನ ಮಗಳು. ನಾನಿನ್ನೂ ಮಗುವನ್ನು ಮುಟ್ಟಿರಲಿಲ್ಲ.

“ನಾನು ಹಡೆಯೋ ಹೊತ್ತಿನಾಗ ಯಾವ ಊರಿಗೆ ಹೋಗಿದ್ರಿ?” ಎಂದಳು.

ಹೆಂಡತಿ ನೋವು ತಿನ್ನುವಾಗ ಗಂಡ ಊರಲ್ಲಿ ಇಲ್ಲದಿರುವುದು ದೊಡ್ಡ ತಪ್ಪೋ, ಊರಲ್ಲೇ ಗೊರಕೆ ಹೊಡೆಯುವುದು ದೊಡ್ಡ ತಪ್ಪೋ? ವಕೀಲನಾದ ನಾನು ಎರಡೂ ಕಡೆಯ ವಾದವನ್ನು ಮನಸ್ಸಿನಲ್ಲೇ ತೂಗಿ, ದೇವದುರ್ಗದಲ್ಲಿ ಒಂದು ಕೇಸಿತ್ತು ಎಂದೆ.

ಮೊಮ್ಮಗಳನ್ನು ಆಗಲೇ ಎತ್ತಿಕೊಂಡಿದ್ದ ಅವ್ವ ತಲೆ ಎತ್ತದೆ ಹೇಳಿದಳು: “ಇಲ್ಲವ್ವಾ, ಫೋನಿನ ಬಾಜೂಕನ ಮಲಗಿದ್ದ.”