ಪುಂಡಿ ಸೊಪ್ಪೂ ನಮ್ಮ ಅಳಿಯಂದಿರೂ

ನಾಚಿಕೆ ಸ್ವಭಾವದವರು ತಮ್ಮ ಪಾಡಿಗೆ ತಾವಿರುತ್ತಾರೆ, ಅವರಿಂದ ಯಾರಿಗೂ ತೊಂದರೆ ಇಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಸುಳ್ಳು. ನನ್ನ ನಾಚಿಕೆಯ ದೆಸೆಯಿಂದ ನಿಮ್ಮ ಅಪ್ಪ ಎರಡು ತಿಂಗಳು ಪೊಲೀಸರಿಗೆ ಹೆದರಿಕೊಂಡು ಬದುಕಿದರು. ಅನಘಾ, ಇರಾ, ನೀವಿಬ್ಬರೂ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತೀರಿ. ಪ್ರತಿ ಸಲವೂ ಒಂದಿಷ್ಟು ಹೊಸದಾಗಿ ಸೇರಿಸುತ್ತೀರಿ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಕನ್ನಡ ಓದಲು ಬಾರದಿದ್ದರೆ ನಿಮ್ಮ ಅಮ್ಮ ಶೈಲಾ ಓದಿ ಹೇಳಲಿ.

ನಮ್ಮ ಊರಿನಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಯಾರದಾದರೂ ಬಾಯಿಂದ ಹೇಳಿಸುತ್ತಿದ್ದೆವು. ಅಜ್ಜ ತೀರಿಕೊಂಡ ಮೇಲೆ ನಾನು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನಿಮ್ಮ ಮನೆಗೆ ಬಂದಾಗ ಇಲ್ಲಿ ಮರೆಗೆ ನಿಲ್ಲಲು ಬಾಗಿಲೇ ಇರಲಿಲ್ಲ. ಅಡುಗೆಮನೆ, ಊಟದ ಮನೆ, ಪಡಸಾಲೆ ಎಲ್ಲ ಒಂದೇ ಬಯಲು. ಆದರೂ ನಾನು ಪದ್ಧತಿ ಬಿಡಲಿಲ್ಲ. ನಿಮ್ಮ ಅಪ್ಪ ಮೂರು ಮಾರು ದೂರದಲ್ಲಿ ಕೂತಿದ್ದರೂ, “ಇರಾ, ನಿಮ್ಮ ಅಪ್ಪಗ ಚಾ ಬೇಕೇನ್ ಕೇಳವ್ವ” ಎನ್ನುತ್ತಿದ್ದೆ. ಅವರು ಬೆಂಗಳೂರಿನವರು, ಇಂಥದ್ದೆಲ್ಲ ಕಂಡವರಲ್ಲ. ಆದರೂ ನನ್ನ ಮಾನ ಕಾಯಲಿಕ್ಕೆ, “ಇರಾ, ಅರ್ಧ ಕಪ್ ಸಾಕು ಅಂತ ಅಜ್ಜಿಗೆ ಹೇಳು” ಎನ್ನುತ್ತಿದ್ದರು. ಇರಾ ಆಟದಿಂದ ತಲೆ ಎತ್ತದೆ, “ಅಜ್ಜಿ, ಹಾಫ್” ಎನ್ನುತ್ತಿದ್ದಳು. ಮೂರು ವರ್ಷ ನಮ್ಮ ಸಂಸಾರ ಹೀಗೇ ಸುಖವಾಗಿ ನಡೆಯಿತು.

ಇನ್ನು ಪುಂಡಿಯ ವಿಷಯ. ಅಜ್ಜ ಜೋಳದ ಹೊಲದ ಬದುವಿಗೆ ಪುಂಡಿ ಹಾಕುತ್ತಿದ್ದರು. ಅದರ ಹುಳಿ ಸೊಪ್ಪಿನ ಪಲ್ಯ ಇದ್ದರೆ ಅವರಿಗೆ ಬೇರೇನೂ ಬೇಡ. ಅವರು ಕೊನೆಯ ವರ್ಷ ತೆಗೆದಿಟ್ಟ ಬೀಜ ಅವರದೇ ಧೋತರದ ತುಂಡಿನಲ್ಲಿ ಗಂಟಾಗಿ ನನ್ನ ಹತ್ತಿರ ಉಳಿದಿತ್ತು. ಹೋದ ವರ್ಷ ಅರ್ಧ ಬೀಜ ಹಿತ್ತಲಲ್ಲಿ ಹಾಕಿದೆ. ಬೆಳೆಯೇನೋ ಬಂತು. ಊರಿನ ಹಾಗೆ ನೆರಳಲ್ಲಿ ಸೀರೆ ಹಾಸಿ ಸೊಪ್ಪನ್ನೂ ಕಾಯಿಯನ್ನೂ ಒಣಗಿಸಿ ಸ್ಟೀಲ್ ಡಬ್ಬಿಗೆ ತುಂಬಿದೆ. ಹದಿನೈದು ದಿನಕ್ಕೆ ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ ಬೂಸ್ಟು. ಬೀಜವೂ ಕೊಳೆತಿತ್ತು. ನಮ್ಮ ಊರಿನ ಗಾಳಿ ಒಣಗಿಸುತ್ತದೆ. ಈ ಹ್ಯೂಸ್ಟನ್ ಗಾಳಿಯನ್ನು ಹಿಂಡಿದರೆ ಒಂದು ತಂಬಿಗೆ ನೀರು ಬಂದೀತು. ಅವತ್ತೇ ಡಬ್ಬಿ ತೊಳೆದಿಟ್ಟು ಗಂಟು ಬಿಚ್ಚಿ ನೋಡಿದೆ. ಗಂಟಿನಲ್ಲಿ ಇನ್ನೊಂದು ಹಿಡಿ ಬೀಜವಿತ್ತು. ಅದನ್ನು ಈ ವರ್ಷ ಮೊಣಕಾಲು ನೋವಿನಲ್ಲೇ ಬಗ್ಗಿ ಹಾಕಿದೆ. ಇದೂ ಕೆಟ್ಟರೆ ಅಜ್ಜನ ಪುಂಡಿ ಅಲ್ಲಿಗೆ ಮುಗಿಯಿತು.

ದೂರದ ರಿಚರ್ಡ್‌ಸನ್ ಊರಿನಲ್ಲಿ ಕಾಲೇಜು ಓದುತ್ತಿದ್ದ ಅನಘಾಗೆ ಫೋನಿನಲ್ಲಿ ಹೇಳಿಕೊಂಡೆ. ಅವಳು ಒಂದು ದಿನ ಹುಡುಕಿ, ನಗುತ್ತ ಫೋನ್ ಮಾಡಿದಳು. “ಅಜ್ಜಿ, ಹ್ಯುಮಿಡ್ ಜಾಗದಲ್ಲಿ ಎಲೆ ಒಣಗಿಸೋದು ಚೆನ್ನಾಗಿ ಗೊತ್ತಿರೋದು ಗಾಂಜಾ ಬೆಳೆಯೋರಿಗೆ ಮಾತ್ರ. ನಿಮ್ಮ ಎಲೆ ನೋಡೋಕೂ ಹಾಗೇ ಇದೆ, ಸೇಮ್ ಮೆಥಡ್ ಮಾಡಿ!”

“ಶಿವ ಶಿವಾ, ಅವರ ಸುದ್ದಿ ನನಗ್ಯಾಕವ್ವ?” ಎಂದೆ. ಆದರೆ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಟೊಂಗೆಯನ್ನು ಕತ್ತಲೆಯಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಅವಸರ ಮಾಡಬಾರದು. ಕಡ್ಡಿ ಬಗ್ಗಿಸಿದರೆ ಚಟ್ ಎನ್ನಬೇಕು. ಆಮೇಲೆ ಗಾಜಿನ ಬಾಟಲಿಗೆ ಹಾಕಿ ದಿನಕ್ಕೊಮ್ಮೆ ಮುಚ್ಚಳ ತೆಗೆದು ಉಸಿರಾಡಿಸಬೇಕು. ಒಳಗಿನ ತೇವ ನೂರಕ್ಕೆ ಅರವತ್ತರ ಸುತ್ತ ಇರಬೇಕು. ಗಾಂಜಾ ಸೇದುವವರಿಗೆ ಇಷ್ಟೊಂದು ಶಿಸ್ತು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಊರಿನ ಮಠದ ಕಟ್ಟೆಯ ಮೇಲೆ ಕೂರುತ್ತಿದ್ದ ಬೈರಾಗಿಗಳನ್ನು ಸುಮ್ಮನೆ ಸೋಮಾರಿಗಳೆಂದು ತಿಳಿದಿದ್ದೆ.

ಮೆಟ್ಟಿಲ ಕೆಳಗಿನ ಕ್ಲಾಸೆಟ್‌ನಲ್ಲಿ ಚಳಿಗಾಲದ ಕೋಟುಗಳ ನಡುವೆ ಪುಂಡಿ ತೂಗುಹಾಕಿದೆ. ಅಲ್ಲಿಂದ ವಿಚಿತ್ರಗಳು ಶುರುವಾದವು. ಎರಡನೆಯ ದಿನ ನೋಡಿದರೆ ಒಳಗೊಂದು ತೇವ ಹೀರುವ ಯಂತ್ರ ಗುಂಯ್ ಎನ್ನುತ್ತಿದೆ. ಬಾಟಲಿಗೆ ತುಂಬಿದ ಮೇಲೆ ಪ್ರತಿ ಬಾಟಲಿಯೊಳಗೂ ರೂಪಾಯಿ ನಾಣ್ಯದಷ್ಟು ಗುಂಡನೆಯ ತೇವದ ಮಾಪಕ, ಪಕ್ಕದಲ್ಲೊಂದು ತೇವ ಸಮ ಮಾಡುವ ಪುಟ್ಟ ಪೊಟ್ಟಣ. ಎಲ್ಲದರಲ್ಲೂ ಅರವತ್ತು, ಅರವತ್ತೊಂದು. ಅನಘಾ ತರಿಸಿ ಕೊಟ್ಟಿದ್ದಾಳೆ, ಶೈಲಾ ಇಟ್ಟಿದ್ದಾಳೆ ಎಂದುಕೊಂಡೆ. ಕೇಳಲಿಲ್ಲ; ಕೇಳುವುದೂ ನನಗೆ ನಾಚಿಕೆಯೇ. ಮನೆಗೆ ಜನ ಬಂದ ದಿನ ಕ್ಲಾಸೆಟ್‌ಗೆ ಬೀಗ ಬೀಳುತ್ತಿತ್ತು. ಬೀಜಕ್ಕೆ ಬಿಟ್ಟಿದ್ದ ಗಿಡಗಳ ಮುಂದೆ ಯಾರೋ ಹಲಗೆಯೊಂದನ್ನು ನಿಲ್ಲಿಸಿದ್ದರು. ಗಾಳಿಗೆ ಬೀಳದಿರಲೆಂದು ಇಟ್ಟಿರಬೇಕು, ಎಷ್ಟು ಒಳ್ಳೆಯವರು ಎಂದುಕೊಂಡೆ.

ಅನಘಾ ರಜೆಗೆ ಬಂದ ದಿನ ಮೊದಲ ಬಾಟಲಿ ತೆಗೆದೆ. ಬೂಸ್ಟಿಲ್ಲ, ಮುಗ್ಗು ವಾಸನೆಯಿಲ್ಲ. ಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಜೋಳದ ರೊಟ್ಟಿ ಬಡಿದೆ. ನಾನು ಬಾಟಲಿಯಿಂದ ಸೊಪ್ಪು ತೆಗೆದದ್ದನ್ನು ನಿಮ್ಮ ಅಪ್ಪ ನೋಡಿದ್ದರು. ಊಟಕ್ಕೆ ಕೂತಾಗ ಮುಖ ಬಿಳಿಚಿಕೊಂಡಿತ್ತು. ಇರಾಳ ತಟ್ಟೆಗೆ ಒಂದು ಸೌಟು ಹಾಕಲು ಹೋದೆ ನೋಡಿ, ತಟಕ್ಕನೆ ಎದ್ದು ನಿಂತು ತಟ್ಟೆಗೆ ಅಡ್ಡ ಕೈ ಹಿಡಿದರು.

“ಅತ್ತೆ, ಮಗುಗೆ ಬೇಡ! ನಿಮ್ಮ ಮೊಣಕಾಲು ನೋವಿಗೆ ಎಷ್ಟು ಬೇಕೋ ಅಷ್ಟು ತಗೊಳ್ಳಿ. ನಾನು ಶೈಲಾಗೂ ಹೇಳಿಲ್ಲ, ಯಾರಿಗೂ ಹೇಳಲ್ಲ. ಮಕ್ಕಳಿಗೆ ಮಾತ್ರ ಬೇಡ!”

ಮೂರು ವರ್ಷದಲ್ಲಿ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಮೊದಲು ಅರ್ಥವಾದದ್ದು ಅನಘಾಗೆ. ಅವಳು ನಕ್ಕ ರಭಸಕ್ಕೆ ಕುರ್ಚಿಯೇ ಹಿಂದೆ ಸರಿಯಿತು. ಶೈಲಾ ಹಣೆಗೆ ಕೈ ಹಚ್ಚಿಕೊಂಡಳು. “ರೀ, ಅದು ಪುಂಡಿಪಲ್ಲೆರೀ! ಹಳದಿ ಹೂವು ಬಿಟ್ಟಾಗಾದ್ರೂ ತಿಳೀಲಿಲ್ಲೇನು?”

“ನಂಗೇನು ಗೊತ್ತು? ಎಲೆ ಹಾಗೇ ಇತ್ತು” ಎಂದು ಅವರು ಮೆಲ್ಲಗೆ ಕೂತರು. ಯಂತ್ರ, ಮಾಪಕ, ಪೊಟ್ಟಣ, ಬೀಗ, ಹಲಗೆ ಎಲ್ಲ ಅವರದೇ ಕೆಲಸ. ಅತ್ತೆ ನೋವು ತಾಳಲಾರದೆ ಗಾಂಜಾ ಬೆಳೆದುಕೊಂಡಿದ್ದಾರೆ, ಪೊಲೀಸರಿಗೆ ತಿಳಿದರೆ ಜೈಲು, ಕೇಳಿದರೆ ನಾಚಿಕೊಳ್ಳುತ್ತಾರೆ, ಬೂಸ್ಟು ಹಿಡಿದರೆ ಜೀವಕ್ಕೆ ಕೇಡು ಎಂದು ಎರಡು ತಿಂಗಳು ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಮಾಪಕದಲ್ಲಿ ಅರವತ್ತು ಇದೆಯೇ ಎಂದು ನೋಡಿ ಹೋಗುತ್ತಿದ್ದರಂತೆ. ಸಿಗರೇಟನ್ನೂ ಮುಟ್ಟದ ಮನುಷ್ಯ. ನನಗೆ ನಗು ಬರಲಿಲ್ಲ. ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು, ಇರಾಳನ್ನು ಕೇಳದೆ, “ಇನ್ನೊಂದು ರೊಟ್ಟಿ ಹಾಕ್ಲೇನ್ರೀ?” ಎಂದೆ. “ಹಾಕಿ ಅತ್ತೆ” ಎಂದರು. ನಾಲ್ಕು ರೊಟ್ಟಿ ತಿಂದರು.

ಬೀಜವೂ ಉಳಿಯಿತು. ಈಗ ಗಂಟು ಮೊದಲಿಗಿಂತ ದಪ್ಪಗಿದೆ. ಅದರೊಳಗೂ ನಿಮ್ಮ ಅಪ್ಪ ಒಂದು ಮಾಪಕ ಇಟ್ಟಿದ್ದಾರೆ. ದಿನಾ ಸಂಜೆ ಬಂದವರೇ, “ಅತ್ತೆ, ಮೊಣಕಾಲು ಹೇಗಿದೆ?” ಎಂದು ನನ್ನನ್ನೇ ಕೇಳುತ್ತಾರೆ. ನಿಮಗೆ ಮಾತ್ರ ಹೇಳುತ್ತೇನೆ, ಅಪ್ಪನಿಗೆ ಹೇಳಬೇಡಿ: ನನ್ನ ಮೊಣಕಾಲು ನೆಟ್ಟಗಾಗಿ ಬಹಳ ದಿನವಾಯಿತು. ಆದರೂ ಅವರು ಕೇಳಿದಾಗ, “ಇನ್ನೂ ಸ್ವಲ್ಪ ನೋವೈತ್ರೀ” ಎನ್ನುತ್ತೇನೆ. ಪೂರಾ ವಾಸಿಯಾಯಿತು ಎಂದುಬಿಟ್ಟರೆ, ಆಮೇಲೆ ಮಾತಾಡಲಿಕ್ಕೆ ಇನ್ನೇನು ವಿಷಯ ಹುಡುಕುವುದೆಂದು ನನಗೆ ನಾಚಿಕೆ.