ಕೋಟು ಮಾಸ್ಟರು ಒಂದಿಂಚು ತಗ್ಗಿದ ಪ್ರಸಂಗ

ಆ ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಮಾಡಿದ ಪ್ರಸಂಗ ಕೋಟು ಮಾಸ್ಟರಿಗೆ ಬಹಳ ಹಿಡಿಸಿತು. ವಿಷಯ ಅಹಂಕಾರ. ಸಭಾಪಾಲಕರು ಮುಕ್ಕಾಲು ಗಂಟೆ ಮಾತಾಡಿದರು. ಮಾಸ್ಟರು ಮೊದಲ ಬೆಂಚಿನಲ್ಲಿ ಕುಳಿತು, ಅಷ್ಟು ಹೊತ್ತೂ ಕತ್ತು ತಿರುಗಿಸಿ, ನಡುದಾರಿಯ ಆಚೆ ನಾಲ್ಕನೇ ಬೆಂಚಿನಲ್ಲಿದ್ದ ಜಿಪ್ಪಣ್ಣನನ್ನೇ ನೋಡಿದರು. ಒಂದೊಂದು ಮಾತೂ ಅವನ ಅಳತೆಗೇ ಕತ್ತರಿಸಿ ಹೊಲಿದಂತಿತ್ತು.

ಪ್ರಾರ್ಥನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತಿದ್ದ ಸಭಾಪಾಲಕರ ಕೈ ಕುಲುಕಿ ಮಾಸ್ಟರು ಅಂದರು, "ಒಳ್ಳೇ ಪ್ರಸಂಗ ಪಾಸ್ಟರೇ. ತಟ್ಟಬೇಕಾದವರಿಗೆ ತಟ್ಟಿರುತ್ತೆ."

"ಸದ್ಯ!" ಎಂದು ಸಭಾಪಾಲಕರು ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡರು. "ನೀವು ಬೇಜಾರು ಮಾಡ್ಕೋತೀರೇನೋ ಅಂತ ಭಯ ಇತ್ತು ಮಾಸ್ಟರೇ."

ಮನೆಯ ದಾರಿಯಲ್ಲಿ ಮಾಸ್ಟರು ಎರಡು ಬೀದಿ ದಾಪುಗಾಲು ಹಾಕಿದರು. ಮೂರನೇ ಬೀದಿಯಲ್ಲಿ ಕೇಳಿದರು, "ಅಲ್ಲ ಕಣೇ, ನನಗೆ ಅಹಂಕಾರ ಇದೆಯಾ?"

ಹೆಂಡತಿ ಕೆಮ್ಮಿದಳು. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಆ ಕೆಮ್ಮಿನ ಅರ್ಥ ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಮಾಸ್ಟರು ಊರಿನ ಹಳೇ ದರ್ಜಿ. ಅವರು ಹೊಲಿದ ಕೋಟು ಒಂದೂ ವಾಪಸ್ಸು ಬಂದದ್ದಿಲ್ಲ. (ಬಂದ ಎರಡು ಸಲವೂ ತಪ್ಪು ಗಿರಾಕಿಯ ಹೊಟ್ಟೆಯದೆಂದು ಸಾಬೀತಾಗಿತ್ತು. ಸಾಬೀತು ಮಾಡಿದವರು ಮಾಸ್ಟರೇ.) ಅಂಗಡಿಯ ಹಿಂದೆಯೇ ಮನೆ. ಅವರು ಮಿಷನ್ ತುಳಿದರೆ, ಹೆಂಡತಿ ಕಾಜಾ ಹೊಲಿದು ಗುಂಡಿ ಹಾಕುತ್ತಾಳೆ. ಜಿಪ್ಪಣ್ಣನದು ಎದುರಂಗಡಿ. ಹಳೇ ಪ್ಯಾಂಟಿಗೆ ಹೊಸ ಜಿಪ್ಪು ಹಾಕುತ್ತಾ ಕಸುಬು ಶುರು ಮಾಡಿದ್ದರಿಂದ ಆ ಹೆಸರು. (ಜಿಪುಣ ಎಂದು ಓದಿಕೊಳ್ಳಬೇಡಿ. ಹಾಗೆ ಉಚ್ಚರಿಸುವ ಹಕ್ಕನ್ನು ಮಾಸ್ಟರೊಬ್ಬರೇ ಇಟ್ಟುಕೊಂಡಿದ್ದರು.) ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಇಷ್ಟೇ ಅವನ ಕೆಲಸ.

ಇಬ್ಬರಿಗೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ಸಭಾಪಾಲಕರ ನಿಲುವಂಗಿ. ಅದನ್ನು ಹೊಲಿದವರು ಮಾಸ್ಟರು. ಸಭಾಪಾಲಕರು ಅದನ್ನು ಧರಿಸಿ ಪ್ರಸಂಗಪೀಠದ ಮೆಟ್ಟಿಲೇರುವಾಗ ಎರಡು ಭಾನುವಾರ ಮುಗ್ಗರಿಸಿದರು. ಮೂರನೆಯ ಭಾನುವಾರ ಮುಗ್ಗರಿಸದೆ ಏರಿದರು. ಮಾಸ್ಟರ ಕಣ್ಣಿಗೆ ತಕ್ಷಣ ಬಿತ್ತು: ಅಂಚು ಒಂದಿಂಚು ಮೇಲೆ ಹೋಗಿದೆ! ತಾವು ಹೊಲಿದದ್ದಕ್ಕೆ ಜಿಪ್ಪಣ್ಣನ ಕತ್ತರಿ! ನಿಲುವಂಗಿಯ ಅಳತೆ ಸರಿಯಾಗಿಯೇ ಇತ್ತೆಂದೂ, ಸಭಾಪಾಲಕರೇ ಒಂದಿಂಚು ಗಿಡ್ಡಗಿದ್ದಾರೆಂದೂ ಮಾಸ್ಟರು ಅಂದಿನಿಂದ ಇಂದಿನವರೆಗೆ ವಾದಿಸಿಕೊಂಡು ಬಂದಿದ್ದರು.

ಇಂಥವರಿಗೆ ಆ ಕೆಮ್ಮು ನಾಟಿತು. ರಾತ್ರಿಯ ಊಟಕ್ಕೆ ಕೂರುವಷ್ಟರಲ್ಲಿ ಅವರು ತೀರ್ಮಾನಿಸಿಬಿಟ್ಟಿದ್ದರು.

"ನಮ್ರತೆ ತಾನೇ ಬೇಕು? ನೋಡ್ತಿರು. ಈ ಸಭೆಯಲ್ಲಿ ನನ್ನಷ್ಟು ನಮ್ರ ಇನ್ನೊಬ್ಬ ಇರಬಾರದು, ಹಾಗೆ ಆಗಿ ತೋರಿಸ್ತೀನಿ."

"ತೋರಿಸದೇ ಆಗೋಕೆ ಬರಲ್ವಾ?" ಅಂದಳು ಹೆಂಡತಿ.

ಮುಂದಿನ ಭಾನುವಾರ ಮಾಸ್ಟರು ತಾವು ಪ್ರತಿ ವಾರ ಏರುದನಿಯಲ್ಲಿ ಹಾಡುತ್ತಿದ್ದ ಮೊದಲ ಬೆಂಚು ತ್ಯಜಿಸಿ ಕೊನೆಯ ಬೆಂಚಿನಲ್ಲಿ, ಪೊರಕೆ ಇಡುವ ಮೂಲೆಯ ಪಕ್ಕದಲ್ಲಿ, ಆಸೀನರಾದರು. ಯಾರಾದರೂ ಓಡಿ ಬಂದು, "ಅಯ್ಯೋ ಮಾಸ್ಟರೇ, ನೀವು ಇಲ್ಲಿ ಕೂರೋದಾ, ಮುಂದೆ ಬನ್ನಿ" ಅನ್ನುತ್ತಾರೆ, ತಾವು "ಬೇಡಪ್ಪಾ, ನನಗೆ ಇದೇ ಸರಿ" ಅನ್ನಬೇಕು ಎಂದು ಸಿದ್ಧರಾಗಿದ್ದರು. ಯಾರೂ ಬರಲಿಲ್ಲ. ಮೊದಲ ಕೀರ್ತನೆ ಮುಗಿಯಿತು, ಎರಡನೆಯದೂ ಮುಗಿಯಿತು. ಮಾಸ್ಟರು ಗಂಟಲು ಸರಿಮಾಡಿಕೊಂಡರು, ಕೊಡೆಯನ್ನು ನೆಲಕ್ಕೆ ಬೀಳಿಸಿ ಎತ್ತಿಕೊಂಡರು. ಪಕ್ಕದ ಮಗು ಮಾತ್ರ ತಿರುಗಿ ನೋಡಿತು. ಮೇಲಾಗಿ, ವಾದ್ಯ ನುಡಿಸುವಾಕೆ ಹೊರಗೆ ಸಿಕ್ಕಿ ಹೆಂಡತಿಗೆ ಹೇಳಿದಳು, "ಇವತ್ತು ಹಾಡು ಎಷ್ಟು ಚೆನ್ನಾಗಿ ಬಂತು ಅಕ್ಕಾ! ಯಾಕೋ ಎಲ್ಲರ ಧ್ವನಿನೂ ಕೇಳಿಸ್ತು."

"ಒಬ್ಬನಾದ್ರೂ ಕರೆದನಾ?" ಮಾಸ್ಟರು ಮನೆಗೆ ಬಂದು ಕೊಡೆ ಮೂಲೆಗೆ ಎಸೆದರು. "ಇಂಥ ಜನರ ನಡುವೆ ನಮ್ರವಾಗಿರೋದಾದ್ರೂ ಹೇಗೆ?"

ಅವರ ಅದೃಷ್ಟಕ್ಕೆ ಅದೇ ವಾರ ಸಭಾಪಾಲಕರು ಒಂದು ಪ್ರಕಟಣೆ ಮಾಡಿದ್ದರು. ಶುಭ ಶುಕ್ರವಾರದ ಹಿಂದಿನ ಸಂಜೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ನೆನೆದು ನಡೆಯುವ ಆರಾಧನೆಯಲ್ಲಿ, ಈ ಸಲ ತಾವೊಬ್ಬರೇ ತೊಳೆಯುವುದಿಲ್ಲ. ಯಾರಿಗೆ ಯಾರ ಮೇಲೆ ಮುನಿಸಿದೆಯೋ ಅವರು ಮುಂದೆ ಬಂದು ಒಬ್ಬರ ಕಾಲು ಒಬ್ಬರು ತೊಳೆಯಬೇಕು.

ಮಾಸ್ಟರ ಕಣ್ಣ ಮುಂದೆ ಇಡೀ ದೃಶ್ಯ ಬಂತು. ಜಿಪ್ಪಣ್ಣ ಕುರ್ಚಿಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. ತಾವು ಮಂಡಿಯೂರಿದ್ದಾರೆ. ಸಭೆ ನಿಶ್ಶಬ್ದ.

ತಯಾರಿ ಶುರುವಾಯಿತು. ಅಪ್ಪಟ ಬಿಳಿ ಬಟ್ಟೆ ತಂದು ಒಂದು ಟವಲು ಹೊಲಿದರು. ಸಾಮಾನ್ಯ ಟವಲಲ್ಲ; ನಾಲ್ಕು ಮೂಲೆಗೂ ಮಡಿಕೆ, ಅಂಚಿಗೆ ಕಣ್ಣಿಗೆ ಕಾಣದಂಥ ಕೈಹೊಲಿಗೆ. ಮಂಗಳವಾರ ಅಡುಗೆಮನೆಯ ಬೇಸಿನ್ನಿಗೆ ನೀರು ತುಂಬಿಕೊಂಡು ಹೆಂಡತಿಯ ಮುಂದೆ ಮಂಡಿಯೂರಿದರು.

"ರೀ, ಏನು ಬಿದ್ದೋಯ್ತು?"

"ಏನೂ ಬಿದ್ದಿಲ್ಲ. ಕಾಲು ಕೊಡು. ಅಭ್ಯಾಸ ಮಾಡ್ಕೋಬೇಕು."

"ಕಾಲು ಹಾಗಿರಲಿ, ಬೇಸಿನ್ ಹಿಡ್ಕೊಂಡೇ ಇದೀರಲ್ಲ, ಆ ನಾಲ್ಕು ಪಾತ್ರೆ ತೊಳೆದುಬಿಡಿ."

"ಪಾತ್ರೆಗೂ ನಮ್ರತೆಗೂ ಏನೇ ಸಂಬಂಧ?" ಎಂದು ಮಾಸ್ಟರು ಸಿಡಿದೆದ್ದರು. ಪಾತ್ರೆ ಹಾಗೇ ಉಳಿಯಿತು.

ಗುರುವಾರ ಸಂಜೆ ಐದಕ್ಕೆ ಚರ್ಚು ತುಂಬಿತ್ತು. ಮುಂದೆ ಎರಡು ಕುರ್ಚಿ, ಒಂದು ಹೂಜಿ, ಒಂದು ಬೋಗುಣಿ. ಸಭಾಪಾಲಕರು ಕರೆದದ್ದೇ ತಡ, ಮಾಸ್ಟರು ಸೊಂಟಕ್ಕೆ ಟವಲು ಬಿಗಿದು ನಡುದಾರಿಯಲ್ಲಿ ಗಂಭೀರವಾಗಿ ಹೆಜ್ಜೆ ಹಾಕಿದರು. ಗಾಂಭೀರ್ಯ ಸ್ವಲ್ಪ ಹೆಚ್ಚಾಯಿತೋ ಏನೋ, ತಲುಪುವಷ್ಟರಲ್ಲಿ ಜಿಪ್ಪಣ್ಣ ಆಗಲೇ ಬಂದು ಬೋಗುಣಿ ಎತ್ತಿಕೊಂಡಿದ್ದ.

"ಕೂತ್ಕೊಳ್ಳಿ ಅಣ್ಣಾ," ಅಂದ. ಆರು ವರ್ಷದ ಮೇಲಿನ ಮೊದಲ ಮಾತು.

"ನೀನು ಕೂತ್ಕೋ," ಮಾಸ್ಟರು ಪಿಸುಗುಟ್ಟಿದರು. "ತೊಳೆಯೋನು ನಾನು."

"ನೀವು ದೊಡ್ಡವರು, ನೀವು ಕೂತ್ಕೋಬೇಕು."

"ದೊಡ್ಡವನೇ ತೊಳೀಬೇಕು ಕಣಯ್ಯಾ, ಅದೇ ಅದರ ಅರ್ಥ! ಕೊಡಿಲ್ಲಿ!"

ಮಾಸ್ಟರು ಬೋಗುಣಿಯ ಒಂದು ಅಂಚು ಹಿಡಿದು ಎಳೆದರು. ಜಿಪ್ಪಣ್ಣ ಬಿಡಲಿಲ್ಲ. ನೀರು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೊಯ್ದಾಡಿ ಕೊನೆಗೆ ಸಭಾಪಾಲಕರ ಪಾದದ ಮೇಲೆ ಸುರಿಯಿತು. ಹಾಗೆ ಆ ಸಂಜೆ ಮೊದಲು ತೊಳೆಯಲ್ಪಟ್ಟ ಕಾಲು ಅವರದೇ ಆಯಿತು.

"ಮಾಸ್ಟರೇ," ಅಂದರು ಸಭಾಪಾಲಕರು, ಬೂಟು ಝಾಡಿಸುತ್ತಾ, "ದಯವಿಟ್ಟು ಕೂತ್ಕೊಳ್ಳಿ."

ಮಾಸ್ಟರು ಕೂತರು. ನೆಲ ಒರೆಸಲು ಬೇರೇನೂ ಸಿಗದೆ, ಯಾರೋ ಅವರ ಸೊಂಟದ ಟವಲನ್ನೇ ಬಿಚ್ಚಿಕೊಂಡರು. ಹೂಜಿಯಲ್ಲಿ ಉಳಿದಿದ್ದ ನೀರನ್ನು ಜಿಪ್ಪಣ್ಣ ಬೋಗುಣಿಗೆ ಬಗ್ಗಿಸಿ, ಮಂಡಿಯೂರಿ, ಮಾಸ್ಟರ ಬಲಗಾಲಿನ ಬೂಟು ಕಳಚಿದ.

ಎಲ್ಲ ತಯಾರಿಯನ್ನೂ ಮಾಸ್ಟರು ಮಾಡಿದ್ದು ಜಿಪ್ಪಣ್ಣನ ಕಾಲಿಗಾಗಿ. ತಮಗೂ ಎರಡು ಕಾಲಿವೆ ಎಂಬುದು ಅವರ ತಲೆಗೇ ಹೊಳೆದಿರಲಿಲ್ಲ. ಬೂಟಿನಿಂದ ಹೊರಬಂದ ಕಾಲುಚೀಲದ ತುದಿಯಲ್ಲಿ ಹೆಬ್ಬೆರಳು ಪೂರ್ತಿಯಾಗಿ, ಉಗುರಿನ ಸಮೇತ, ಹೊರಗಿತ್ತು. ಊರಿನ ಹೆಸರಾಂತ ದರ್ಜಿಯ ಹೆಬ್ಬೆರಳು! ಮೂರನೇ ಬೆಂಚಿನಲ್ಲಿ ಹೆಂಡತಿ ಕೀರ್ತನೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು.

ಮಾಸ್ಟರ ಕಿವಿ ಕೆಂಪಾಯಿತು. ಈಗ ಇವನು ನಗುತ್ತಾನೆ. ಅಥವಾ ತಿರುಗಿ ಜನರನ್ನು ನೋಡುತ್ತಾನೆ, ಅಷ್ಟು ಸಾಕು, ನಾಳೆ ಬೀದಿಯೆಲ್ಲ ಸುದ್ದಿ. ತಾವಾಗಿದ್ದರೆ ಏನು ಮಾಡುತ್ತಿದ್ದರೆಂಬುದು ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಜಿಪ್ಪಣ್ಣ ನಗಲಿಲ್ಲ. ಬೆನ್ನನ್ನು ಸಭೆಯ ಕಡೆಗೆ ಸ್ವಲ್ಪ ಸರಿಸಿ ಕೂತು, ಹಿಂದಿನವರಿಗೆ ಕಾಣದ ಹಾಗೆ ಮರೆ ಮಾಡಿದ. ಕಾಲುಚೀಲವನ್ನು ಮೆಲ್ಲಗೆ ಎಳೆದು ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ನೀರು ಹಾಕಿದ. ಬಿಸಿನೀರು! ಹಿರಿಯರ ಕಾಲಿಗೆ ತಣ್ಣೀರು ಆಗದೆಂದು ಮನೆಯಿಂದ ಕಾಯಿಸಿ ತಂದು ಹೂಜಿಗೆ ತುಂಬಿದ್ದ. ಮೂರು ದಶಕ ಮಿಷನ್ ತುಳಿದ ಪಾದವನ್ನು ಅವನು ಅವಸರವಿಲ್ಲದೆ, ಬೆರಳ ಸಂದಿಯನ್ನೂ ಬಿಡದೆ ತೊಳೆದ. ಮಾಸ್ಟರು ಎಲ್ಲಿ ನೋಡಬೇಕೆಂದು ತಿಳಿಯದೆ ಮೊದಲು ಕಿಟಕಿ ನೋಡಿದರು, ಆಮೇಲೆ ಛಾವಣಿ. ಬೇರೆಲ್ಲೂ ಜಾಗ ಸಿಗದೆ ಕೊನೆಗೆ ಅವನ ನೆರೆತ ತಲೆ ನೋಡಿದರು. ಇವನ ಕೂದಲು ಯಾವಾಗ ಬೆಳ್ಳಗಾಯಿತು?

"ಆ ನಿಲುವಂಗಿ..." ಅಂದರು ಮಾಸ್ಟರು. "ಉದ್ದ ಆಗಿತ್ತು ಕಣಯ್ಯಾ. ಒಂದಿಂಚು."

ಜಿಪ್ಪಣ್ಣ ತಲೆ ಎತ್ತದೆ ಅಂದ, "ಎರಡಿಂಚು ಅಣ್ಣಾ. ನಿಮಗೆ ಬೇಜಾರಾಗುತ್ತೆ ಅಂತ ಒಂದೇ ಇಂಚು ತಗ್ಗಿಸಿದೆ."

ಬೇರೆ ಯಾವ ದಿನವಾದರೂ ಮಾಸ್ಟರು ಟೇಪು ತರಿಸುತ್ತಿದ್ದರು. ಅಂದು ಹೌದೆಂದು ತಲೆಯಾಡಿಸಿದರು. ಅವರ ಸರದಿ ಬಂದಾಗ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿ, ಜಿಪ್ಪಣ್ಣನ ಒಂದೇ ಕಾಲನ್ನು ಎರಡು ಸಲ ತೊಳೆದರು. ಒರೆಸಲು ಟವಲಿರಲಿಲ್ಲ, ತಮ್ಮ ಅಂಗಿಯ ತುದಿಯಿಂದ ಒರೆಸಿದರು. ಅತ್ತದ್ದೂ ಅವರೇ.

ಈಸ್ಟರ್ ಕಳೆದ ಮಂಗಳವಾರ, ಕಾಗದದಲ್ಲಿ ಸುತ್ತಿದ ಕಾಲುಚೀಲ ಅಂಗಡಿಯ ಕಟ್ಟೆಯ ಮೇಲೆ ಬಂದು ಕುಳಿತಿತ್ತು. ಮಾಸ್ಟರು ಬಿಚ್ಚಿ ನೋಡಿದರು. ತೂತು ಇಲ್ಲ. ಕನ್ನಡಕ ಹಾಕಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಒಳಮಗ್ಗುಲು ತಿರುಗಿಸಿ ನೋಡಿದರು. ನೂಲಿಗೆ ನೂಲು ಹೆಣೆದು ತೂತನ್ನು ಹೇಗೆ ಮುಚ್ಚಿದ್ದನೆಂದರೆ, ಎಲ್ಲಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ತಪ್ಪು ಹುಡುಕುತ್ತಾ ಅರ್ಧ ಗಂಟೆ ಕಳೆಯಿತು.

"ಹೋಗಿ ಒಂದು ಮಾತು ಹೇಳಿ ಬನ್ನಿ," ಅಂದಳು ಹೆಂಡತಿ, ಗುಂಡಿಯ ದಾರ ಹಲ್ಲಿನಲ್ಲಿ ಕಡಿಯುತ್ತಾ.

ಮಾಸ್ಟರು ರಸ್ತೆ ದಾಟಿದರು. ಜಿಪ್ಪಣ್ಣನ ಅಂಗಡಿಯ ಹೊಸ್ತಿಲಲ್ಲಿ ನಿಂತು, ನಾಲ್ಕು ಸಲ ಬಾಯಿ ತೆರೆದು ಮುಚ್ಚಿ, ಐದನೆಯ ಸಲಕ್ಕೆ ಹೇಳಿದರು, "ಚೆನ್ನಾಗಿದೆ." ಇನ್ನೊಬ್ಬರ ಹೊಲಿಗೆಗೆ ಅವರು ಜೀವಮಾನದಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು.

ಜಿಪ್ಪಣ್ಣ ನಾಚಿಕೊಂಡು ಎದ್ದು ನಿಂತ. "ನಂದೇನಿದೆ ಅಣ್ಣಾ? ಇಷ್ಟು ವರ್ಷ ಇಲ್ಲಿ ಕೂತು ನಿಮ್ಮ ಕೈ ನೋಡಿ ನೋಡಿ ಕಲಿತದ್ದು. ನಿಮ್ಮಂಥ ಕೈ ಈ ಊರಲ್ಲೇ ಇಲ್ಲ."

ವಾಪಸ್ಸು ಎದೆಯುಬ್ಬಿಸಿ ರಸ್ತೆ ದಾಟುವಾಗ ಒಂದು ಸ್ಕೂಟರು ಗಕ್ಕನೆ ನಿಂತು ಮಾಸ್ಟರಿಗೆ ದಾರಿ ಬಿಟ್ಟಿತು. ಮಾಸ್ಟರು ಅದನ್ನು ಗಮನಿಸಲಿಲ್ಲ.

"ಏನಂದ?" ಹೆಂಡತಿ ಕೇಳಿದಳು.

"ಏನಂದ ಅನ್ನೋದು ಬಿಡು. ನೀನೇ ಹೇಳು, ಎದುರಂಗಡಿಯವನ ಹತ್ರ ತಾನೇ ನಡೆದುಹೋಗಿ ಅವನ ಕೆಲಸ ಹೊಗಳೋ ದರ್ಜಿ ಈ ಊರಲ್ಲಿ ಇನ್ನೊಬ್ಬ ಇದಾನಾ? ಎಷ್ಟು ಜನಕ್ಕೆ ಬರುತ್ತೆ ಅಂಥ ನಮ್ರತೆ?"

ಹೆಂಡತಿ ಎದ್ದು, ಟೇಪು ತೆಗೆದು ಅವರ ಎದೆಗೆ ಸುತ್ತಿದಳು.

"ಎರಡಿಂಚು ಜಾಸ್ತಿ ಆಗಿದೆ ರೀ. ಅಂಗಿ ಹರಿಯುತ್ತೆ."

ಮಾಸ್ಟರು ಟೇಪನ್ನೂ ಹೆಂಡತಿಯ ಮುಖವನ್ನೂ ನೋಡಿದರು. ಅರ್ಥವಾಯಿತು. ಮೆಲ್ಲಗೆ ಉಸಿರು ಬಿಟ್ಟರು. ಟೇಪು ಸಡಿಲವಾಯಿತು.

"ಹಾಂ, ಈಗ ಸರಿಯಾಯ್ತು," ಅಂದಳು ಹೆಂಡತಿ, ನಗುತ್ತಾ.

"ನೋಡಿದೆಯಾ," ಅಂದರು ಮಾಸ್ಟರು, "ಎಷ್ಟು ಬೇಗ ಇಳಿಸಿದೆ! ಬೇರೆಯವರಾಗಿದ್ರೆ..."

ಟೇಪು ಮತ್ತೆ ಬಿಗಿಯಾಯಿತು.